ಪಕ್ಕದ ಮನೆಯ ಥಾಯ್ಲೆಂಡು

ಥಾಯ್ಲೆಂಡಿಗೆ ಹೋಗಿಬಂದವರು ನಮ್ಮವರಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಮುದ್ರದ ದಂಡೆ, ಆನೆ, ಮಲಗಿದ ಬುದ್ಧ, ಎಲ್ಲದರ ಮುಂದೆಯೂ ನಿಂತು ಫೋಟೋ ತೆಗೆಸಿಕೊಂಡು ಬಂದು ನಮಗೆ ತೋರಿಸುತ್ತಾರೆ. ನಾನು ನೋಡಿದ ಥಾಯ್ಲೆಂಡು ಮಿಶಿಗನ್ನಿನ ಪ್ಲಿಮತ್‌ನಲ್ಲಿ, ನಮ್ಮ ಡ್ರೈವ್‌ವೇ ದಾಟಿದರೆ ಸಿಗುವ ಬಲಗಡೆಯ ಮನೆಯಲ್ಲಿತ್ತು. ಅಲ್ಲಿಗೆ ವೀಸಾ ಬೇಕಿರಲಿಲ್ಲ, ಚಪ್ಪಲಿ ಬಾಗಿಲ ಹೊರಗೆ ಬಿಟ್ಟರೆ ಸಾಕಿತ್ತು. ಆದರೂ ಆ ಮನೆಯ ಹೊಸ್ತಿಲು ತುಳಿಯಲು ನನಗೆ ವರ್ಷಗಳೇ ಹಿಡಿದವು. ಯಾಕೆಂದರೆ ಆ ಮನೆಯ ಹೆಂಗಸನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾರಣ ಇಷ್ಟೇ. ನಮ್ಮ ಮನೆಯಿಂದ ಯಾರು ಹೊರಟರೂ ಸರಿ, ಆಕೆ ಹೂವಿನ ಕುಂಡಕ್ಕೆ ನೀರು ಹಾಕುತ್ತಿದ್ದವಳು ತಲೆಯೆತ್ತಿ, ಬಾಯಿ ತುಂಬ ನಕ್ಕು, "ವೇರ್ ಯು ಗೋ?" ಎಂದು ಕೂಗುತ್ತಿದ್ದಳು. ಮೈಸೂರಿನಲ್ಲಿ ಬೆಳೆದವಳು ನಾನು. ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು ಎಂಬುದನ್ನು ಅಕ್ಷರಕ್ಕಿಂತ ಮೊದಲು ಕಲಿತವಳು. ತೀರ ಕೇಳಲೇಬೇಕಿದ್ದರೆ "ದೂರ ಹೊರಟ್ರಾ?" ಎನ್ನಬೇಕು. ಹೊರಡುವವರೂ "ಹೋಗ್ತೀನಿ" ಎನ್ನದೆ "ಹೋಗಿ ಬರ್ತೀನಿ" ಎನ್ನಬೇಕು. ಈಕೆಯೋ, ನಮ್ಮನೆಯವರು ಕಾರಿನ ಬಾಗಿಲಿಗೆ ಕೈ ಹಾಕುವ ಗಳಿಗೆಗೇ ಕಾದು ಕೂತವಳ ಹಾಗೆ ಕೇಳಿಬಿಡುತ್ತಿದ್ದಳು. ಅವರು ಪಾಪದ ಮನುಷ್ಯ, "ಆಫೀಸ್!" ಎಂದು ಕೈಬೀಸುತ್ತಿದ್ದರು. ನಾನು ಒಳಗಿನಿಂದ "ರೀ, ಒಳಗೆ ಬಂದು ಒಂದು ಗುಟುಕು ನೀರು ಕುಡಿದು ಹೋಗಿ!" ಎಂದು ಕೂಗುತ್ತಿದ್ದೆ.

"ನೀರು ಕುಡಿದೂ ಕುಡಿದೂ ಎಕ್ಸಿಟ್‌ಗೊಂದು ಸಲ ಕಾರ್ ನಿಲ್ಲಿಸಬೇಕಾಗತ್ತೆ ಕಣೇ," ಎಂದು ಅವರು ನಗುತ್ತಿದ್ದರು. ಕುಡಿದೇ ಹೋಗುತ್ತಿದ್ದರು ಅನ್ನಿ.

ಆಗ ರಿಸೆಷನ್ ಕಾಲ. ಡೆಟ್ರಾಯಿಟ್ಟಿನ ಕಾರು ಕಂಪನಿಗಳೇ ಕೈಚೆಲ್ಲಿ ಕೂತಮೇಲೆ ಅವಕ್ಕೆ ಬಿಡಿಭಾಗ ಮಾಡಿಕೊಡುತ್ತಿದ್ದ ಇವರ ಕಂಪನಿಯ ಗತಿ ಕೇಳಬೇಕೇ? ಒಂದು ಬೆಳಿಗ್ಗೆ ಆಕೆ ಕೇಳಿದಳು, ಇವರು "ಆಫೀಸ್" ಎಂದರು, ನಾನು ಸ್ನಾನಕ್ಕೆ ಹೋಗಿದ್ದರಿಂದ ನೀರು ಕುಡಿಸಲಿಲ್ಲ. ಊಟದ ಹೊತ್ತಿಗೆ ಮೊದಲೇ, ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡಿದ್ದ ಪುಟ್ಟ ಗಣಪತಿಯನ್ನು ಕೋಟಿನ ಜೇಬಿನಲ್ಲಿ ಹಾಕಿಕೊಂಡು ವಾಪಸ್ ಬಂದರು. ಕೆಲಸ ಹೋಗಿತ್ತು. ಅವರ ಜೊತೆ ಮತ್ತೆ ನೂರಾರು ಜನರದ್ದೂ ಹೋಗಿತ್ತು, ಅವರೆಲ್ಲರ ಪಕ್ಕದಲ್ಲಿ ಥಾಯ್ ಹೆಂಗಸು ಇರಲಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೂ ಕೋಪಕ್ಕೆ ಒಂದು ಮುಖ ಬೇಕಲ್ಲ. ನನ್ನ ಕೋಪಕ್ಕೆ ಆ ನಗುಮುಖ ಸಿಕ್ಕಿತು.

ಬಹಳ ಅಲೆದ ಮೇಲೆ ಅವರಿಗೆ ಶಿಕಾಗೋ ಕಡೆ ಒಂದು ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿತು. ವುಡ್‌ರಿಡ್ಜ್‌ನಲ್ಲಿ ಬೆಂಗಳೂರಿನ ಒಂದು ಸಂಸಾರದವರ ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಸೇರಿಕೊಂಡರು. ಶುಕ್ರವಾರ ಮುನ್ನೂರು ಮೈಲಿ ಹತ್ತಿರ ಡ್ರೈವ್ ಮಾಡಿಕೊಂಡು ಬರುವುದು, ಬರುವಾಗ ಅಲ್ಲಿನ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂನಿಂದ ಕರಿಬೇವು, ಕೊಬ್ಬರಿ ತರುವುದು, ಭಾನುವಾರ ಊಟ ಮುಗಿಸಿ ಹೊರಡುವುದು. ಪ್ಲಿಮತ್ತಿನ ಮನೆ ಮಾರೋಣವೆಂದರೆ ಕೊಳ್ಳುವವರಿಲ್ಲ. ನಾನು ಮತ್ತು ಏಳು ವರ್ಷದ ಮಗಳು ಆ ಮನೆಯಲ್ಲಿ ಉಳಿದೆವು. ಸಬ್‌ಡಿವಿಷನ್ನಿನಲ್ಲಿ ಎಂದರೆ ನಮ್ಮ ಬಡಾವಣೆಯಲ್ಲಿ ಒಂದೊಂದೇ ಮನೆ ಖಾಲಿಯಾಗುತ್ತಿತ್ತು. ಹುಲ್ಲು ಮೊಳಕಾಲುದ್ದ ಬೆಳೆದರೆ ಆ ಮನೆಯವರು ಹೋದರು ಅಂತ ಲೆಕ್ಕ. ಸಂಜೆ ದೀಪ ಹಚ್ಚಿದ ಮೇಲೆ ಬೀದಿ ನೋಡಿದರೆ ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತಿತ್ತು.

ಅಂಥ ಸಂಜೆಗಳಲ್ಲಿ ನನಗೆ ನನ್ನಜ್ಜಿ ನೆನಪಾಗುತ್ತಿದ್ದರು. ಅವರದ್ದೊಂದು ಕಟ್ಟಳೆ ಇತ್ತು. ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಯಾರಾದರೂ ಕರೆದರೆ ಮೊದಲ ಕರೆಗೆ ಓಗೊಡಬಾರದು, ಎರಡನೆಯದಕ್ಕೂ ಓಗೊಡಬಾರದು. "ದೆವ್ವಕ್ಕೆ ಎರಡೇ ಸಲ ಕರೆಯೋ ಶಕ್ತಿ. ಮೂರನೇ ಸಲ ಕರೆದ್ರೆ ಮನುಷ್ಯರು, ಹೋಗಿ ಬಾಗಿಲು ತೆಗಿ," ಎನ್ನುತ್ತಿದ್ದರು. ಇಂಜಿನಿಯರಿಂಗ್ ಓದಿದೆ, ಸಮುದ್ರ ದಾಟಿದೆ, ಈ ಕಟ್ಟಳೆ ಮಾತ್ರ ನಾಲಿಗೆಯಲ್ಲೇ ಉಳಿದುಬಿಟ್ಟಿತ್ತು. ಒಮ್ಮೆ ಪಾರ್ಸೆಲ್ ತಂದ ಹುಡುಗ ಸಂಜೆ ಎರಡು ಸಲ "ಹಲೋ" ಎಂದು ಕೂಗಿ ಹೊರಟೇಹೋದ. ನಾನು ಒಳಗೆ ಮೂರನೆಯ ಹಲೋಗೆ ಕಾಯುತ್ತ ನಿಂತಿದ್ದೆ. ಮಾರನೆಯ ದಿನ ಹನ್ನೆರಡು ಮೈಲಿ ಡ್ರೈವ್ ಮಾಡಿ ಪಾರ್ಸೆಲ್ ಬಿಡಿಸಿಕೊಂಡು ಬಂದೆ.

ನಮ್ಮ ಎಡಗಡೆಯ ಮನೆಯಲ್ಲಿ ನನ್ನ ಮಗಳ ಗೆಳತಿ ಇದ್ದಳು. ಒಂದೇ ಕ್ಲಾಸು, ಒಂದೇ ಬಸ್ಸು, ಮನೆಗೆ ಬಂದರೂ ಹಿತ್ತಿಲಿನಲ್ಲಿ ಮತ್ತೆ ಒಂದೇ ಉಯ್ಯಾಲೆ. ಅಕ್ಟೋಬರಿನ ಒಂದು ವಾರಾಂತ್ಯದಲ್ಲಿ ಆ ಮನೆಯವರು ಯಾರಿಗೂ ಹೇಳದೆ ಕೇಳದೆ ಹೊರಟುಹೋದರು. ಸಾಲ ಕಟ್ಟಲಾಗದೆ ಮನೆಯನ್ನು ಬ್ಯಾಂಕಿಗೆ ಬಿಟ್ಟರಂತೆ. ಸೋಮವಾರ ಬಸ್ಸಿನಲ್ಲಿ ಗೆಳತಿ ಇರಲಿಲ್ಲ. ನನ್ನ ಮಗಳು ಸಂಜೆ ಬ್ಯಾಗನ್ನು ಹುಲ್ಲಿನ ಮೇಲೆ ಎಸೆದು ಅವರ ಹಿತ್ತಿಲಿಗೆ ಓಡಿದಳು.

ನಾನು ಒಲೆಯ ಮುಂದಿದ್ದೆ. ಹಾಲು ಕುಡಿಯಲು ಕರೆದೆ. ಸಾಮಾನ್ಯವಾಗಿ "ಕಮಿಂಗ್!" ಎಂಬ ಉತ್ತರ ಬರುತ್ತಿತ್ತು. ಅವಳಪ್ಪ ಕರೆದಾಗ ನಾನು "ಬಂದೆ!" ಎನ್ನುವ ರಾಗದಲ್ಲೇ ಅವಳು ಇಂಗ್ಲಿಷಿನಲ್ಲಿ ಎಳೆಯುತ್ತಿದ್ದಳು. ಅವತ್ತು ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಆ ಮನೆಯ ಹಿಂದಿನ ಗಾಜಿನ ಬಾಗಿಲು ಅರ್ಧ ಸರಿದಿತ್ತು. ಒಳಗೆ ಒಂದು ಸಾಮಾನಿಲ್ಲ. ಕಾರ್ಪೆಟ್ಟಿನ ಮೇಲೆ ಸೋಫಾ ಕಾಲುಗಳ ಗುಳಿಗಳು ಹಾಗೇ ಇದ್ದವು. ನನ್ನ ಮಗಳು ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ನೋಡುತ್ತ ಗೆಳತಿಯ ಹೆಸರು ಹಿಡಿದು ಕರೆದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ "ಕೀಚ್" ಎಂದು ಉತ್ತರ ಬಂತು. ಅವಳು ಮತ್ತೆ ಕರೆದಳು. ಮತ್ತೆ "ಕೀಚ್".

ಹೊಗೆ ಬಂದರೆ ಕೂಗುವ ಅಲಾರಂ ಅದು. ಬ್ಯಾಟರಿ ಮುಗಿಯುತ್ತ ಬಂದರೆ ಹಾಗೆ ಆಗಾಗ ಕೀಚುತ್ತದೆ. ಅಮೆರಿಕದಲ್ಲಿ ಇರುವವರಿಗೆಲ್ಲ ಗೊತ್ತು, ನನಗೂ ಗೊತ್ತು. ಆದರೂ ಒಂದು ಕ್ಷಣವೂ ಅಲ್ಲಿ ನಿಲ್ಲಲಿಲ್ಲ. ಅವಳ ಕೈ ಹಿಡಿದು ಎಳೆದುಕೊಂಡು ಬಂದೆ. ಕೈ ತಣ್ಣಗಿತ್ತು. ಅವಳು ಅತ್ತಿದ್ದರೆ ಸಮಾಧಾನವಾಗುತ್ತಿತ್ತು. ಅಳಲಿಲ್ಲ. ಅವತ್ತಿನಿಂದ ಮಾತೂ ಆಡಲಿಲ್ಲ.

ಒಂದು ದಿನ, ಎರಡು ದಿನ, ಮುನಿಸು ಎಂದುಕೊಂಡೆ. ವಾರವಾಯಿತು. ತಿನ್ನು ಎಂದರೆ ತಿನ್ನುತ್ತಾಳೆ, ಬಸ್ ಹತ್ತು ಎಂದರೆ ಹತ್ತುತ್ತಾಳೆ. ಕಣ್ಣು ಮಾತ್ರ ಎಡಗಡೆಯ ಕಿಟಕಿಯ ಮೇಲೆ. ಡಾಕ್ಟರು ಗಂಟಲು, ಕಿವಿ ಎಲ್ಲ ನೋಡಿ, ಮಕ್ಕಳಲ್ಲಿ ಹೀಗಾಗುವುದುಂಟು, ಒತ್ತಾಯ ಮಾಡಬೇಡಿ, ಕಾಯಿರಿ ಎಂದು ಇನ್ನೊಬ್ಬ ಡಾಕ್ಟರ ಬಳಿ ಕಳಿಸಿದರು. ಅವರೂ ಕಾಯಿರಿ ಎಂದರು. ಕಾಯುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ಅದಕ್ಕಿಂತ ದೊಡ್ಡ ಒಂದು ಮಾತನ್ನು ನಾನು ಡಾಕ್ಟರಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ನನ್ನ ಪಕ್ಕದಲ್ಲಿ ಮಲಗಿದವಳು ನಿದ್ದೆಯಲ್ಲಿ ಒಮ್ಮೊಮ್ಮೆ ನಾಲಿಗೆಯನ್ನು ಅಂಗುಳಿಗೆ ಒತ್ತಿ "ಕೀಚ್" ಎನ್ನುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಇನ್ನೊಂದು ಕೀಚ್‌ಗೆ ಕಾಯುತ್ತಿದ್ದೆ.

ಮೈಸೂರಿನಿಂದ ಅಮ್ಮ ಫೋನಿನಲ್ಲಿ, "ಮಗು ಬೆದರಿದೆ ಕಣೇ. ಸಂಜೆ ಹೊತ್ತು ಖಾಲಿ ಮನೆಗೆ ಯಾಕೆ ಬಿಟ್ಟೆ? ದೃಷ್ಟಿ ತೆಗಿ," ಎಂದರು. ತೆಗೆದೆ. ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದ್ದಕ್ಕೆ ನಮ್ಮ ಮನೆಯ ಅಲಾರಂ ಸಬ್‌ಡಿವಿಷನ್ ಎಲ್ಲ ಕೇಳುವಂತೆ ಬಡಿದುಕೊಂಡಿತು. ನಾನು ಟವೆಲ್ ಬೀಸುತ್ತ ಕೆಮ್ಮುತ್ತ ಕುಣಿದೆ. ಮಗಳು ನಗಲೂ ಇಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ನೀರು ಮಾಡಿ ಇಳಿ ತೆಗೆದು, ಮೂರು ದಾರಿ ಕೂಡುವಲ್ಲಿ, ಸ್ಟಾಪ್ ಸೈನ್ ಬುಡದಲ್ಲಿ ಚೆಲ್ಲಿ, ಹಿಂತಿರುಗಿ ನೋಡದೆ ಬಂದೆ. ಏನೂ ಆಗಲಿಲ್ಲ.

ಆಮೇಲೆ ಕಂಡದ್ದೇ ಆ ಲೋಟ. ಎಡಗಡೆಯ ಖಾಲಿ ಮನೆಯ ಮುಂಬಾಗಿಲಲ್ಲಿ, ಗಾಜಿನ ಲೋಟದ ತುಂಬ ಕೆಂಪು ನೀರು. ಅದರಲ್ಲೊಂದು ಸ್ಟ್ರಾ. ಮಾರನೆಯ ದಿನ ಎದುರು ಸಾಲಿನ ಖಾಲಿ ಮನೆಯ ಮುಂದೆ ಇನ್ನೊಂದು. ಲೋಟದಲ್ಲಿ ಮೊದಲು ತುಂಬಿದ್ದ ನೀರು ಸಂಜೆಗೆ ಒಂದು ಬೆರಳು ಇಳಿದಿರುತ್ತಿತ್ತು. ಅಳಿಲು ಕುಡಿಯಿತೋ, ಬಿಸಿಲು ಕುಡಿಯಿತೋ, ನನಗೆ ನೋಡಲಾಗುತ್ತಿರಲಿಲ್ಲ. ಮೂರನೆಯ ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮದೇ ಮೆಟ್ಟಿಲ ಮೇಲೆ ಕೆಂಪು ನೀರು, ಸ್ಟ್ರಾ ನಮ್ಮ ಮನೆಯ ಕಡೆಗೆ ಬಾಗಿತ್ತು.

ನಾನು ಏನೆಂದುಕೊಂಡಿರಬಹುದು, ನೀವೇ ಹೇಳಿ. ಕೆಂಪು ನೀರನ್ನು ನಮ್ಮಲ್ಲಿ ಯಾರ ಮನೆ ಮುಂದೆ ಯಾರು ಇಡುತ್ತಾರೆ? ಯಾರದೋ ಮೈಮೇಲಿನ ಪೀಡೆಯನ್ನು ಇಳಿಸಿ ನನ್ನ ಹೊಸ್ತಿಲಿಗೆ ತಂದಿಟ್ಟಿದ್ದಾರೆ ಎಂದುಕೊಂಡೆ. ಅದನ್ನು ದಾಟಬಾರದು, ತುಳಿಯಬಾರದು. ಹಿಂಬಾಗಿಲಿನಿಂದ ಸುತ್ತಿಕೊಂಡು ಬಂದು ಬೀದಿಯಲ್ಲಿ ನಿಂತೆ. ಅವತ್ತು ಕಸದ ಗಾಡಿ ಬರುವ ದಿನ. ಬಲಗಡೆಯ ಮನೆಯ ನೀಲಿ ಡಬ್ಬದಲ್ಲಿ ಕೆಂಪು ಸೋಡಾದ ಖಾಲಿ ಬಾಟಲಿಗಳು ರಾಶಿ ಬಿದ್ದಿದ್ದವು. "ಸಿಕ್ಕಿದೆಯಾ!" ಎಂದುಕೊಂಡೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದಕ್ಕೆ ಸೀರೆ ಇರಲಿಲ್ಲ, ಸ್ವೆಟರಿನ ತೋಳು ಮಡಚಿಕೊಂಡು ಹೋಗಿ ಬಾಗಿಲು ಬಡಿದೆ.

ಆಕೆ ಬಾಗಿಲು ತೆರೆದು ಎಂದಿನಂತೆ ನಕ್ಕಳು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಪ್ರತಿ ಸಲ ಎಲ್ಲಿಗೆ ಎಂದು ಕೇಳಿ ನನ್ನ ಗಂಡನ ಕೆಲಸ ಕಳೆದದ್ದು ಸಾಲದೇ, ಈಗ ನನ್ನ ಮಗುವಿಗೆ ಏನು ಮಾಡಿಸಿದ್ದೀಯ, ಎಂದೆ. ಇಂಗ್ಲಿಷಿನಲ್ಲಿ ಶುರುಮಾಡಿದ್ದು, ಅರ್ಧದಲ್ಲಿ ಕನ್ನಡಕ್ಕೆ ತಿರುಗಿ, ಕೊನೆಗೆ ಅಳುವಾಯಿತು. ಆಕೆ ಪೂರ್ತಿ ಕೇಳಿಸಿಕೊಂಡು, "ಚಪ್ಪಲಿ ಬಿಟ್ಟು ಒಳಗೆ ಬಾ," ಎಂದಳು. ಹಾಗೆ ನಾನು ಥಾಯ್ಲೆಂಡಿಗೆ ಕಾಲಿಟ್ಟದ್ದು.

ಒಳಗೆ ನಮ್ಮ ಮನೆಯದೇ ನಕ್ಷೆ, ಎಡಬಲ ಅದಲುಬದಲಾದದ್ದು. ಎತ್ತರದ ಕಪಾಟಿನ ಮೇಲೆ ಬುದ್ಧ, ಪಕ್ಕದಲ್ಲಿ ನಮ್ಮ ಗಣಪತಿ, ಇಬ್ಬರ ಮುಂದೆಯೂ ಅದೇ ಕೆಂಪು ಸೋಡಾ, ಸ್ಟ್ರಾ ಸಹಿತ. ನಾನು ಅಳು ಮರೆತು ಬಾಯಿ ಬಿಟ್ಟೆ. ಆಕೆಯ ತುಂಡು ಇಂಗ್ಲಿಷನ್ನು ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನಮ್ಮೂರಲ್ಲಿ ಪ್ರತಿ ಜಾಗಕ್ಕೂ ಒಬ್ಬ ಯಜಮಾನ ಇರ್ತಾನೆ, ಕಣ್ಣಿಗೆ ಕಾಣಲ್ಲ," ಎಂದಳು. "ಮನೆಯವರು ಹೋದ್ರೆ ಅವನಿಗೆ ಯಾರೂ ಏನೂ ಕೊಡೋರಿಲ್ಲ. ಬಾಯಾರಿಕೆ ಆಗತ್ತೆ. ಈ ಬೀದೀಲಿ ಎಷ್ಟು ಮನೆ ಬಾಯಾರ್ಕೊಂಡು ಕೂತಿವೆ ನೋಡು." ಹಿಂದಿನ ಕಾಲದಲ್ಲಿ ಬೇರೆ ಏನೋ ಇಡುತ್ತಿದ್ದರಂತೆ, ಈಗ ಊರಿಗೆ ಊರೇ ಕೆಂಪು ಸೋಡಾ ಇಡುತ್ತದಂತೆ. ಸ್ಟ್ರಾ ಯಾಕೆ ಎಂದೆ. "ಸ್ಟ್ರಾ ಇಲ್ಲದೆ ಹೇಗೆ ಕುಡೀಬೇಕು?" ಎಂದು ನನ್ನನ್ನೇ ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

ಆಕೆ ನರ್ಸ್ ಆಗಿದ್ದವರು. ಇನ್ನು ಮೇಲೆ ಬಹುವಚನದಲ್ಲೇ ಬರೆಯುತ್ತೇನೆ, ನಮಗಿಂತ ಮೂವತ್ತು ವರ್ಷ ದೊಡ್ಡವರು. ಚಿಕ್ಕ ವಯಸ್ಸಿನಲ್ಲಿ ಶಿಕಾಗೋಗೆ ಬಂದು, ಆಮೇಲೆ ಡೆಟ್ರಾಯಿಟ್ ಆಸ್ಪತ್ರೆಗಳಲ್ಲಿ ದುಡಿದು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. "ಪಾ" ಎಂದು ಕರೆ ಎಂದರು. ಅವರ ಭಾಷೆಯಲ್ಲಿ ಅದು ನಮ್ಮ ದೊಡ್ಡಮ್ಮ. ಅವರ ಊರು ಥಾಯ್ಲೆಂಡಿನ ಈಶಾನ್ಯದ ಮೂಲೆಯಂತೆ. ಸಮುದ್ರವಿಲ್ಲ, ದ್ವೀಪವಿಲ್ಲ, ಟೂರಿಸ್ಟರು ಬರುವುದಿಲ್ಲ. ಕೆಂಪು ಮಣ್ಣು, ಬಿಸಿಲು, ಗದ್ದೆ ಅಂಚಿನಲ್ಲಿ ಏಡಿ ಹಿಡಿಯುವುದು, ಕೈಯಲ್ಲಿ ಉಂಡೆ ಕಟ್ಟಿ ತಿನ್ನುವ ಅಂಟು ಅನ್ನ. ಅನ್ನದ ಬಿದಿರು ಬುಟ್ಟಿಯನ್ನು ನನ್ನ ಮುಂದೆ ತೆರೆದಿಟ್ಟರು. ಆವಿಯ ವಾಸನೆಗೆ ನನಗೆ ಹಸಿವಾಯಿತು. ಎಷ್ಟೋ ದಿನದ ಮೇಲೆ ಹಸಿವಾಯಿತು.

"ಎಲ್ಲಿಗೆ ಅಂತ ಯಾಕೆ ಕೇಳ್ತೀರಿ, ಹೇಳಿ," ಎಂದೆ, ಬಾಯಲ್ಲಿ ಅನ್ನವಿಟ್ಟುಕೊಂಡೇ. ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಪಾ ಕಕ್ಕಾಬಿಕ್ಕಿಯಾದರು. ಅವರ ಊರಿನಲ್ಲಿ ಎದುರು ಸಿಕ್ಕವರನ್ನು ಹಾಗೇ ಮಾತನಾಡಿಸುವುದಂತೆ. ನಾವು "ಊಟ ಆಯ್ತಾ?" ಎಂದು ಕೇಳುವುದಿಲ್ಲವೇ, ಬಡಿಸುವ ಉದ್ದೇಶವೇನೂ ಇಲ್ಲದೆ? ಹಾಗೆ. "ಈ ಬೀದೀಲಿ ಸರಿಯಾಗಿ ಉತ್ತರ ಕೊಡ್ತಿದ್ದೋಳು ನಿನ್ನ ಮಗಳೊಬ್ಬಳೇ," ಎಂದರು. "ದಿನಾ 'ಸ್ಕೂಲ್, ಪಾ!' ಅಂತಿದ್ಲು. ಈಗ ಕೇಳಿದ್ರೆ ತಿರುಗಿ ಕೂಡ ನೋಡಲ್ಲ. ಅದಕ್ಕೇ ನಿನ್ನ ಮನೆ ಮುಂದೆ ಇಟ್ಟೆ. ಮನುಷ್ಯರಿರೋ ಮನೆ ಹೌದು, ಆದ್ರೆ ಒಬ್ಬರು ಪೂರ್ತಿ ಇಲ್ಲ."

ನನ್ನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಮಗಳು ಅವರನ್ನು ಪಾ ಎಂದು ಕರೆಯುತ್ತಿದ್ದದ್ದೇ ನನಗೆ ಗೊತ್ತಿರಲಿಲ್ಲ.

ಪಾ ನನ್ನ ನೆತ್ತಿಯ ಕಡೆ ಬೆರಳು ತೋರಿಸಿದರು, ಮುಟ್ಟಲಿಲ್ಲ. ಅವರಲ್ಲಿ ಇನ್ನೊಬ್ಬರ ತಲೆ ಮುಟ್ಟಬಾರದು. ತಲೆಯ ಸುಳಿಯಲ್ಲಿ ಖ್ವನ್ ಇರುತ್ತದಂತೆ. ಜೀವವಲ್ಲ, ಪ್ರಾಣವಲ್ಲ, ಅದರ ಒಳಗಿನ ಏನೋ ಒಂದು. ಬೆಚ್ಚಿಬಿದ್ದರೆ ಹಕ್ಕಿಯ ಹಾಗೆ ಹಾರಿಹೋಗಿ, ಬೆಚ್ಚಿದ ಜಾಗದಲ್ಲೇ ಕೂತುಬಿಡುತ್ತದೆ. ದಾರಿ ಗೊತ್ತಾಗದೆ ಅಲ್ಲೇ ಇರುತ್ತದೆ. ಮನುಷ್ಯ ಉಣ್ಣುತ್ತಾನೆ, ನಡೆಯುತ್ತಾನೆ, ಆದರೆ ಕರೆದರೆ ಓಗೊಡುವುದಿಲ್ಲ. "ನಮ್ಮಲ್ಲಿ ತಲೇಲಿ ಎರಡು ಸುಳಿ ಇದ್ರೆ ಎರಡು ಮದುವೆ ಅಂತಾರೆ," ಎಂದೆ, ಏನಾದರೂ ಹೇಳಬೇಕಲ್ಲ ಎಂದು. "ನಮ್ಮಲ್ಲಿ ಎರಡಿದ್ರೆ ತುಂಟ ಮಗು," ಎಂದರು ಪಾ. "ನಿನ್ನ ಮಗಳಿಗೆ ಎರಡಿದೆ. ನಾನು ನೋಡಿದೀನಿ."

ಡಾಕ್ಟರಿಗೆ ತೋರಿಸಿದೆಯಾ ಎಂದು ಮೊದಲು ಕೇಳಿದರು, ಅದನ್ನು ಹೇಳಬೇಕು. ಬಿಡಬೇಡ, ತೋರಿಸುತ್ತಿರು ಎಂದರು. ಆಮೇಲೆ, ಹೋಗಿ ಖ್ವನ್ ಕರೆದುಕೊಂಡು ಬರೋಣ ಎಂದರು. ತಾವು ಚಿಕ್ಕವರಿದ್ದಾಗ ಕೆರೆಗೆ ಬಿದ್ದು ಬೆದರಿದ್ದಾಗ ಅವರಜ್ಜಿ ಮಾಡಿದ್ದರಂತೆ. ಮಂತ್ರ ಅರ್ಧ ಮರೆತಿತ್ತು. ಊರಿನಲ್ಲಿರುವ ತಂಗಿಗೆ ಫೋನ್ ಮಾಡಿದರು. ಅಕ್ಕತಂಗಿಯರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಫೋನಿನಲ್ಲೇ ಜಗಳವಾಯಿತು. ಎಲ್ಲ ದೇಶದ ಶಾಸ್ತ್ರಗಳೂ ಹೀಗೇ ಎಂದು ನನಗೆ ಸ್ವಲ್ಪ ಧೈರ್ಯ ಬಂತು.

ಹೊತ್ತು ಇರಲಿಲ್ಲ. ಖಾಲಿ ಮನೆಯ ಬಾಗಿಲಿಗೆ ಬ್ಯಾಂಕಿನವರು ಕಾಗದ ಅಂಟಿಸಿದ್ದರು, ಸೋಮವಾರ ಜನ ಬಂದು ಸ್ವಚ್ಛ ಮಾಡಿ ಬೀಗ ಹಾಕುತ್ತಾರೆಂದು. ನಮ್ಮನೆಯವರ ಕೆಲಸವೂ ಇನ್ನೊಂದು ವರ್ಷಕ್ಕೆ ಮುಂದುವರಿದಿತ್ತು. ಮನೆ ಬಾಡಿಗೆಗೆ ಕೊಟ್ಟು ಎಲ್ಲರೂ ವುಡ್‌ರಿಡ್ಜ್‌ಗೆ ಹೋಗುವುದು ಎಂದಾಗಿತ್ತು. ಮಗಳನ್ನು ಪೂರ್ತಿ ಕರೆದುಕೊಂಡು ಹೋಗುತ್ತೇನೋ, ಅರ್ಧ ಬಿಟ್ಟು ಹೋಗುತ್ತೇನೋ ಎಂಬ ಹೆದರಿಕೆ ನನ್ನನ್ನು ಹಿಡಿದುಕೊಂಡಿತು. ನಂಬಿದ್ದೆನೇ? ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರಲ್ಲ, ಆ ಕಡ್ಡಿ ಯಾವ ದೇಶದ್ದು ಎಂದು ಯಾರು ನೋಡುತ್ತಾರೆ?

ಶುಕ್ರವಾರ ಬಂದ ಗಂಡನಿಗೆ ಹೇಳಿದೆ. ನಿದ್ದೆಯ ಕೀಚ್ ಬಗ್ಗೆಯೂ ಹೇಳಿದೆ. ಅವರು ನಗಲಿಲ್ಲ. "ಬೇರೆಯವರ ಮನೆಗೆ ನುಗ್ಗೋದು ಟ್ರೆಸ್‌ಪಾಸಿಂಗ್ ಕಣೇ," ಎಂದಷ್ಟೇ ಅಂದು, ಡ್ರಾಯರು ತಡಕುತ್ತ, "ಟಾರ್ಚ್ ಎಲ್ಲಿದೆ?" ಎಂದರು.

ಶನಿವಾರ ಸಂಜೆ. ನವೆಂಬರ್ ಆದ್ದರಿಂದ ಐದೂವರೆಗೇ ಕತ್ತಲು. ಬೇಕಾದದ್ದು ಒಂದು ಬೇಯಿಸಿದ ಮೊಟ್ಟೆ, ಒಂದು ಉಂಡೆ ಅನ್ನ, ಬಾಳೆಹಣ್ಣು, ಬಿಳಿ ದಾರ, ಮಗುವಿನ ಒಂದು ಅಂಗಿ, ಮತ್ತು ಮೀನು ಹಿಡಿಯುವ ಬಲೆ ಸೌಟು. ಖ್ವನ್ ಅನ್ನು ಆ ಜಾಗದಿಂದ ಮೀನಿನ ಹಾಗೆ ಮೊಗೆದು ತರಬೇಕಂತೆ. ಬ್ರಾಹ್ಮಣರ ಮನೆಯಲ್ಲಿ ಮೀನಿನ ಬಲೆ ಎಲ್ಲಿಂದ ಬರಬೇಕು? ಮೊಟ್ಟೆಯನ್ನೇ ಪಾ ತಮ್ಮ ಮನೆಯಲ್ಲಿ ಬೇಯಿಸಿ ತಂದಿದ್ದರು. ನಾನು ಡೆವನ್ ಅವೆನ್ಯೂನಿಂದ ತರಿಸಿದ್ದ, ಬೂಂದಿ ಕರಿಯುವ ತೂತಿನ ಸೌಟು ಕೊಟ್ಟೆ. "ತೂತಿನಲ್ಲಿ ಸೋರಿಹೋದ್ರೆ?" ಎಂದು ಕೇಳಿದೆ. ನಿಜವಾಗಿಯೂ ಹೆದರಿ ಕೇಳಿದೆ. "ಬಲೆಗೂ ತೂತಿರತ್ತೆ. ನೀರು ಹೋಗತ್ತೆ, ಮೀನು ಉಳಿಯತ್ತೆ," ಎಂದರು ಪಾ.

ನನಗೆ ಒಂದೇ ಕೆಲಸ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂಬಾಗಿಲು ಮುಚ್ಚಿ ಒಳಗೆ ಕೂರಬೇಕು. ಅವರು ವಾಪಸ್ ಬಂದು ಹೊರಗಿನಿಂದ "ಖ್ವನ್ ಬಂತಾ?" ಎಂದು ಕೇಳುತ್ತಾರೆ. ನಾನು ತಕ್ಷಣ "ಬಂತು" ಎನ್ನಬೇಕು. "ತಕ್ಷಣ," ಎಂದು ಪಾ ಎರಡು ಸಲ ಹೇಳಿದರು. "ಮನೆಯೊಳಗಿಂದ ಯಾರೂ ಬಾ ಅನ್ನದೇ ಇದ್ರೆ ಅದು ವಾಪಸ್ ಹೋಗಿಬಿಡತ್ತೆ. ಆಮೇಲೆ ಕರೆಯೋದು ಕಷ್ಟ."

ಅವರು ಹೋದರು. ಮುಂದೆ ಪಾ ಸೌಟು ಹಿಡಿದು, ಹಿಂದೆ ನನ್ನ ಗಂಡ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈಯಲ್ಲಿ ಮಗಳ ಹಳದಿ ಫ್ರಾಕ್ ಹಿಡಿದು. ಬೇರೆ ಯಾವಾಗಲಾದರೂ ಆಗಿದ್ದರೆ ನಾನು ಬಿದ್ದುಬಿದ್ದು ನಗುತ್ತಿದ್ದೆ. ಕಿಟಕಿಯಿಂದ ಕಾಣುತ್ತಿತ್ತು. ಟಾರ್ಚಿನ ಬೆಳಕು ಆ ಮನೆಯ ಕೆಳಗಿನ ಗೋಡೆಗಳ ಮೇಲೆ ಸರಿದು, ಮೆಟ್ಟಿಲು ಹತ್ತಿ, ಮೇಲಿನ ಕೋಣೆಯ ಕಿಟಕಿಯಲ್ಲಿ ನಿಂತಿತು. ಪಾ ಹಾಡುವ ಹಾಗೆ ಕರೆಯುತ್ತಿದ್ದರು. "ಮಾ ದೇ, ಖ್ವನ್ ಎಯ್..." ಮಾ ಎಂದರೆ ಬಾ. ನಡುನಡುವೆ ನನ್ನ ಮಗಳ ಹೆಸರು. ಅವರ ಬಾಯಲ್ಲಿ ಆ ಹೆಸರು ಬೇರೆ ಯಾರದೋ ಹೆಸರಿನಂತೆ ಕೇಳುತ್ತಿತ್ತು. ಅವರು ಕರೆದಾಗಲೆಲ್ಲ ಕೀಚ್ ಎಂಬ ಸದ್ದು. ನನ್ನ ತೊಡೆಯ ಮೇಲಿದ್ದವಳ ಮೈ ಒಂದೊಂದು ಕೀಚ್‌ಗೂ ಸಣ್ಣಗೆ ಅದುರುತ್ತಿತ್ತು. ಆಮೇಲೆ ಪಾ ಮತ್ತೊಮ್ಮೆ ಕರೆದರು. ಕೀಚ್ ಬರಲಿಲ್ಲ. ಮತ್ತೆ ಕರೆದರು. ಬರಲಿಲ್ಲ.

ಟಾರ್ಚ್ ಆರಿತು. ಕತ್ತಲಲ್ಲಿ ಒಣ ಎಲೆಯ ಮೇಲೆ ಹೆಜ್ಜೆ ಸದ್ದು ಹತ್ತಿರ ಬಂತು. ಎರಡೇ ಜನ ಹೋದದ್ದು, ಎರಡೇ ಜನ ಬರುತ್ತಿರುವುದು. ಆದರೂ ಹೆಜ್ಜೆಗಳು ಹೆಚ್ಚಾಗಿ ಕೇಳಿದವು. ಬಾಗಿಲಿನ ಹೊರಗೆ ನಿಂತವು.

"ಖ್ವನ್ ಕಮ್ ಆಲ್‌ರೆಡಿ?"

ಬಂತು ಎನ್ನಬೇಕು. ಎರಡೇ ಅಕ್ಷರ. ನನ್ನ ಬಾಯಿ ತೆರೆಯಲಿಲ್ಲ. ಹೊತ್ತು ಮುಳುಗಿದೆ, ಬಾಗಿಲು ಮುಚ್ಚಿದೆ, ಹೊರಗಿನಿಂದ ಕರೆಯುತ್ತಿದ್ದಾರೆ. ಅಜ್ಜಿ ನನ್ನ ನಾಲಿಗೆಯ ಮೇಲೆ ಕಾಲು ಮಡಚಿ ಕೂತುಬಿಟ್ಟಿದ್ದರು. ಪಾ ಧ್ವನಿಯೇ ಅದು ಎಂದು ಗೊತ್ತು. ಪಾ ಧ್ವನಿಯಲ್ಲಿ ಬೇರೆ ಯಾರಾದರೂ ಕರೆದರೆ?

"ಖ್ವನ್ ಕಮ್ ಆಲ್‌ರೆಡಿ?" ಈ ಸಲ ಧ್ವನಿ ನಡುಗಿತು.

ಇನ್ನೊಂದು ಸಲ, ಇನ್ನೊಂದೇ ಒಂದು ಸಲ ಕರೆಯಲಿ, ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮೂರನೆಯ ಕರೆ ಬರಲಿಲ್ಲ. ಪಾಗೆ ನಮ್ಮ ಕಟ್ಟಳೆ ಏನು ಗೊತ್ತು? ಹೊರಗೆ ಯಾರೋ ಒಂದು ಮೆಟ್ಟಿಲು ಕೆಳಗಿಳಿದ ಸದ್ದಾಯಿತು. ಅಯ್ಯೋ, ಹೋಯಿತು, ನನ್ನ ಮಗು ಹೋಯಿತು ಎಂದು ಮಗಳನ್ನು ಅಪ್ಪಿಕೊಂಡೆ. ಕೂಗಲು ನೋಡಿದೆ, ಗಂಟಲಿನಿಂದ ಗಾಳಿ ಮಾತ್ರ ಬಂತು.

"ಬಂದೇ!"

ನನ್ನ 'ಬಂದೆ'. ನನ್ನದೇ ರಾಗ, ನನ್ನದೇ ಎಳೆತ. ಹೇಳಿದ್ದು ತೊಡೆಯ ಮೇಲಿದ್ದವಳು.

ಬಾಗಿಲು ತೆರೆದದ್ದು ಯಾರು ನೆನಪಿಲ್ಲ. ನಮ್ಮನೆಯವರು ಫ್ರಾಕನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಾನು ಅವರನ್ನು ಹಾಗೆ ಕಂಡದ್ದು ಅದೊಂದೇ ಸಲ. ಪಾ ಮಗಳ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು. ಬಿಳಿ ದಾರ ನೋಡಿ ನನಗೆ ತಡೆಯಲಾಗದೆ ಓಡಿಹೋಗಿ ಅರಿಶಿನ ತಂದು ಹಚ್ಚಿದೆ. ಪಾ ತಮ್ಮ ಕೈಯನ್ನೂ ಮುಂದೆ ಚಾಚಿ, ನನಗೂ ಒಂದು ಕಟ್ಟಿ ಹಚ್ಚು ಎಂದರು. ಮಗಳು ಬಾಳೆಹಣ್ಣು ತಿನ್ನುತ್ತ, "ವೈ ಈಸ್ ಎವ್ರಿಬಡಿ ಕ್ರೈಯಿಂಗ್?" ಎಂದಳು.

"ಅಲಾರಂ ಬ್ಯಾಟರಿ ತೆಗೆದ್ರಾ?" ಎಂದು ಆಮೇಲೆ ಗಂಡನನ್ನು ಕೇಳಿದೆ.

"ನಾನು ಮುಟ್ಟಲೇ ಇಲ್ಲ. ಅದಾಗಿ ಅದೇ ಮುಗಿದಿರಬೇಕು," ಎಂದರು. ಇರಬೇಕು. ಇಷ್ಟು ದಿನ ಕೀಚಿದ ಬ್ಯಾಟರಿ ಒಂದಲ್ಲ ಒಂದು ಹೊತ್ತು ಮುಗಿಯಲೇಬೇಕಲ್ಲ.

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಸಾಮಾನು ತುಂಬಿಕೊಂಡು ಹೊರಟೆವು. ಪಾ ಸ್ವೆಟರ್ ಹೊದ್ದು ಡ್ರೈವ್‌ವೇಯಲ್ಲಿ ನಿಂತಿದ್ದರು. ಕೇಳಲಿಲ್ಲ. ನನ್ನ ಮುಖ ನೋಡುತ್ತ ತುಟಿ ಬಿಗಿಹಿಡಿದುಕೊಂಡಿದ್ದರು. ನಾನೇ ಕಾರಿನ ಗಾಜು ಇಳಿಸಿ, "ಕೇಳಿ ಪಾ," ಎಂದೆ. "ವೇರ್ ಯು ಗೋ?" ಎಂದರು, ಅಳುತ್ತ. ನಮ್ಮ ಮನೆಯ ಮೆಟ್ಟಿಲ ಮೇಲೆ ಕೆಂಪು ಸೋಡಾ ಇಟ್ಟದ್ದು ಈ ಸಲ ನಾನು, ಸ್ಟ್ರಾ ಸಹಿತ.

ವುಡ್‌ರಿಡ್ಜ್‌ನಲ್ಲಿ ನಾವೇ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದೆವು, ಮಗಳು ಹೊಸ ಸ್ಕೂಲು ಸೇರಿದಳು, ಹೊಸ ಗೆಳತಿಯರಾದರು, ಮಾತಿಗೆ ಮಾತು ಬೆಳೆಸುವುದನ್ನೂ ಕಲಿತಳು. ಎಲ್ಲ ಮೊದಲಿನ ಹಾಗೆ. ಒಂದೇ ವ್ಯತ್ಯಾಸ. ಕರೆದರೆ ಈಗ "ಕಮಿಂಗ್" ಎನ್ನುವುದಿಲ್ಲ, "ಬಂದೆ" ಎನ್ನುತ್ತಾಳೆ.

ಆ ಚಳಿಗಾಲದ ಒಂದು ಸಂಜೆ ನಾನು ಅಡುಗೆಮನೆಯಲ್ಲಿ ಹುಳಿ ಕುದಿಸುತ್ತಿದ್ದೆ. ನಮ್ಮನೆಯವರು ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಮೇಲಿನ ಕೋಣೆಯಿಂದ ಅವಳ ಧ್ವನಿ ಕೇಳಿತು.

"ಬಂದೇ!"

ನಾನು ಕರೆದಿರಲಿಲ್ಲ.

ಕೈಯಲ್ಲಿದ್ದ ಸೌಟು ಬಿಟ್ಟು ಮೆಟ್ಟಿಲ ಬುಡಕ್ಕೆ ಓಡಿ ಅವಳ ಹೆಸರು ಹಿಡಿದು ಕೂಗಿದೆ. ಉಸಿರು ತೆಗೆದುಕೊಳ್ಳದೆ ಮತ್ತೆ ಕೂಗಿದೆ. ಮತ್ತೂ ಕೂಗಿದೆ. ಅವಳು ಪೆನ್ಸಿಲ್ ಕಚ್ಚಿಕೊಂಡು ದಡದಡನೆ ಇಳಿದು ಬಂದು, ಕೊನೆಯ ಮೆಟ್ಟಿಲ ಮೇಲೆ ನಿಂತು ನನ್ನನ್ನು ದುರುಗುಟ್ಟಿ ನೋಡಿದಳು.

"ಐ ಸೆಡ್ ಬಂದೆ, ಅಮ್ಮ! ಎಷ್ಟು ಸಲ ಕರೀತೀಯ?"

"ಮೂರು," ಎಂದೆ.